ಉಮ್ಮ್ ಖಲ್ಫಾನರ ಮತ

೨೦೧೫ರಲ್ಲಿ ನಾನು ಅಬುಧಾಬಿಯ ಒಂದು ಖಾಸಗಿ ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಆಫೀಸು ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ, ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಉಡುಪಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾದ ಮೇಲೆ ಗಲ್ಫಿಗೆ ಬಂದವಳು ನಾನು. ಆಸ್ಪತ್ರೆಯ ಟೋಕನ್ ಯಂತ್ರ, ಬಿಲ್ಲು ಕಟ್ಟುವ ಯಂತ್ರ, ಹೀಗೆ ಜನ ಬೆರಳಿನಿಂದ ಒತ್ತುವ ಯಂತ್ರಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಆ ವರ್ಷ ಕಂಪನಿಗೆ ಹೊಸದೊಂದು ಕೆಲಸ ಸಿಕ್ಕಿತು. ಅಕ್ಟೋಬರಿನ ಚುನಾವಣೆಗೆ ಮತಯಂತ್ರಗಳನ್ನು ಜೋಡಿಸಿ, ಮತದಾನ ಮುಗಿಯುವವರೆಗೆ ಅವುಗಳ ಪಕ್ಕದಲ್ಲಿರುವ ಕೆಲಸ.

ಅಲ್ಲಿನ ಚುನಾವಣೆಯಲ್ಲಿ ನಮ್ಮ ಕಡೆಯಂತೆ ಮೈಕು, ಮೆರವಣಿಗೆಗಳ ಗಲಾಟೆಯಿಲ್ಲ. ಸಂಸತ್ತಿನಂಥ ಒಂದು ಸಲಹಾ ಮಂಡಳಿಗೆ ಅರ್ಧದಷ್ಟು ಸದಸ್ಯರನ್ನು ಜನ ಆರಿಸುತ್ತಾರೆ. ಪಟ್ಟಿಯಲ್ಲಿ ಹೆಸರಿರುವ ನಾಗರಿಕರಿಗೆ ಮಾತ್ರ ಮತ. ನಮ್ಮ ಯಂತ್ರದ ಕ್ರಮ ಹೀಗಿತ್ತು: ಮತದಾರರು ತಮ್ಮ ಗುರುತಿನ ಕಾರ್ಡು ತೂರಿಸಬೇಕು, ಪರದೆಯ ಮೇಲೆ ಮೂಡುವ ಫೋಟೊಗಳಲ್ಲಿ ಒಂದನ್ನು ಮುಟ್ಟಬೇಕು, ಆಮೇಲೆ ಖಚಿತಪಡಿಸುವ ಗುಂಡಿಯನ್ನು ಒತ್ತಬೇಕು. ಯಂತ್ರ ಒಂದು ಚೀಟಿ ಮುದ್ರಿಸಿ ಕೊಡುತ್ತದೆ. ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿದರೆ ಮತದಾನ ಮುಗಿಯಿತು. ಯಂತ್ರದೊಳಗಿನ ಲೆಕ್ಕವೂ ಪೆಟ್ಟಿಗೆಯ ಚೀಟಿಗಳ ಲೆಕ್ಕವೂ ತಾಳೆಯಾಗಲೇಬೇಕು.

ನನ್ನನ್ನು ಕಳಿಸಿದ್ದು ಪಶ್ಚಿಮ ದಿಕ್ಕಿನ ಒಂದು ದ್ವೀಪಕ್ಕೆ. ಅದರ ಹೆಸರು ಹೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರು ಅದು. ಹಿಂದೆ ಮುತ್ತು ತೆಗೆಯುತ್ತಿದ್ದ, ಈಗಲೂ ಮೀನು ಹಿಡಿಯುವ ಮನೆತನಗಳು. ಹೆಂಗಸರ ವಿಭಾಗಕ್ಕೆ ಹೆಂಗಸೇ ಬೇಕೆಂದು ನನ್ನನ್ನು ಆರಿಸಿದ್ದರು. ಗಂಡಸರ ವಿಭಾಗಕ್ಕೆ ಬಂದವರು ಭಟ್ಕಳದ ಇಸ್ಮಾಯಿಲ್ ಭಾಯ್. ಅವರ ಮನೆಯ ನವಾಯತಿ, ನನ್ನ ಮನೆಯ ಕೊಂಕಣಿ ಎರಡೂ ಅಕ್ಕಪಕ್ಕದ ಭಾಷೆಗಳು. ಆದರೂ ಕೆಲಸದ ಮಾತಿಗೆ ನಾವಿಬ್ಬರೂ ಕನ್ನಡಕ್ಕೇ ಬರುತ್ತಿದ್ದೆವು. ನನ್ನ ಅರಬಿ ಅಂಗಡಿ-ಆಸ್ಪತ್ರೆಗೆ ಸಾಕಾಗುವಷ್ಟು, ಅವರದು ಚೊಕ್ಕ ಅರಬಿ.

ಹೊರಡುವಾಗ ನನ್ನ ಗಂಡ ಒಂದು ಮಾತು ಹೇಳಿದ್ದರು: "ಇದು ಎಟಿಎಂ ಅಲ್ಲ ಮಾರಾಯ್ತಿ, ಬೇರೆಯವರ ದೇಶದ ಚುನಾವಣೆ. ಮುಟ್ಟಿದ್ರೂ ತಪ್ಪು, ಮುಟ್ಟದಿದ್ರೂ ತಪ್ಪು ಅಂತ ಆಗ್ಬಹುದು. ಜಾಗ್ರತೆ." ಫೆರ‍್ರಿಯಲ್ಲಿ ಹೋಗುವಾಗ ಸಮುದ್ರ ಶಾಂತವಾಗಿಯೇ ಇತ್ತು, ನಾನು ಮಾತ್ರ ಯಂತ್ರದ ಕ್ರಮವನ್ನು ಮತ್ತೆ ಮತ್ತೆ ಬಾಯಿಪಾಠ ಮಾಡುತ್ತಿದ್ದೆ.

ಮತಗಟ್ಟೆ ಇದ್ದದ್ದು ಒಂದು ಸಭಾಂಗಣದಲ್ಲಿ. ಹೆಂಗಸರ ವಿಭಾಗದ ಅಧಿಕಾರಿ ಮೌಜಾ ಎಂಬ ಸ್ಥಳೀಯ ಶಿಕ್ಷಕಿ. ಎಲ್ಲರೂ ಅವರನ್ನು ಉಸ್ತಾದಾ, ಅಂದರೆ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಬೆಳಗಿನ ಹೊತ್ತು ಎಲ್ಲ ಸುಸೂತ್ರವಾಗಿ ನಡೆಯಿತು. ಹೆಂಗಸರು ಫ್ಲಾಸ್ಕಿನಲ್ಲಿ ಗಹ್ವಾ, ಅಂದರೆ ಅರಬಿ ಕಾಫಿ ತಂದಿದ್ದರು. ನನಗೂ ಒಂದು ಕಪ್ಪು ಕೊಟ್ಟು, ಖರ್ಜೂರ ತಿನ್ನಿಸದೆ ಬಿಡಲಿಲ್ಲ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಜನ ಒಮ್ಮೆಲೇ ಬಂದರು. ಅವರಲ್ಲಿ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಮುದುಕಿಗೆ ಸಾಲಿನಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಅವರು ಉಮ್ಮ್ ಖಲ್ಫಾನ್, ಖಲ್ಫಾನನ ತಾಯಿ. ಆ ಊರಲ್ಲಿ ಹಿರಿಯ ಹೆಂಗಸರನ್ನು ಮಗನ ಹೆಸರಿನಿಂದಲೇ ಕರೆಯುವುದು. ಬುರ್ಖಾದ ಹಿಂದಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಬೆರಳ ತುದಿಗಳಿಗೆ ಗಾಢವಾಗಿ ಮೆಹಂದಿ ಹಚ್ಚಿಕೊಂಡಿದ್ದರು. ಅವರನ್ನು ಯಂತ್ರದ ಮುಂದೆ ಬಿಟ್ಟು, ಮರೆಯ ಪರದೆ ಎಳೆದು, ನಾನು ನಿಯಮದಂತೆ ದೂರ ಸರಿದೆ.

ಆಗಲೇ ರಬ್ಬರು ಸುಟ್ಟ ವಾಸನೆ ಬಂತು.

ಯಂತ್ರಗಳ ಮೇಜಿನ ಕೆಳಗೆ ಯುಪಿಎಸ್ ಇತ್ತು, ಅಂದರೆ ಕರೆಂಟು ಹೋದರೂ ಯಂತ್ರ ನಿಲ್ಲದಂತೆ ಕಾಯುವ ಬ್ಯಾಟರಿ ಪೆಟ್ಟಿಗೆ. ಬಗ್ಗಿ ನೋಡುತ್ತೇನೆ, ಕಾಯಬೇಕಾದ ಪೆಟ್ಟಿಗೆಯೇ ಒಂದು ಬದಿಗೆ ಉಬ್ಬಿ, ಸಂದುಗಳಿಂದ ಬೂದುಬಣ್ಣದ ಹೊಗೆ ಕಾರುತ್ತಿದೆ. ಅದರಿಂದ ಮೂರಡಿ ದೂರದಲ್ಲಿ ಗಾಲಿಕುರ್ಚಿ. ಬ್ಯಾಟರಿ ಸಿಡಿದರೆ ಆಸಿಡ್ಡು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಕೂಗಿದೆ. ಯಾವ ಭಾಷೆಯಲ್ಲಿ ಕೂಗಿದೆನೋ ನೆನಪಿಲ್ಲ. ಗೋಡೆಯ ಮುಖ್ಯ ಸ್ವಿಚ್ಚನ್ನೂ ಯುಪಿಎಸ್‌ನ ಸ್ವಿಚ್ಚನ್ನೂ ಒಂದೇ ಉಸಿರಿನಲ್ಲಿ ಆರಿಸಿದೆ. ಎಲ್ಲ ಪರದೆಗಳೂ ಕಪ್ಪಾದವು, ಎಸಿ ನಿಂತಿತು. ಮಕ್ಕಳು ಅಳತೊಡಗಿದವು, ಹೆಂಗಸರು ಬಾಗಿಲಿಗೆ ನುಗ್ಗಿದರು. ಮೌಜಾ ಗಾಲಿಕುರ್ಚಿಯನ್ನು ಎಳೆದುಕೊಂಡು ಹೋದರು. ಬೆಂಕಿ ಆರಿಸುವ ಸಿಲಿಂಡರಿನಿಂದ ಮೇಜಿನ ಕೆಳಗೆ ಅನಿಲ ಹೊಡೆಯುತ್ತ, ಕೆಮ್ಮುತ್ತ, ನನ್ನ ಮಕ್ಕಳ ಮುಖಗಳನ್ನು ನೆನೆಯುತ್ತ ನಾನು ನಿಂತಿದ್ದೆ. ಜ್ವಾಲೆ ಏಳಲಿಲ್ಲ. ಹೊಗೆ ತೆಳ್ಳಗಾಗಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ.

ಒಳಗೆ ಬಂದ ಮಹಿಳಾ ಪೊಲೀಸ್ ಮೊದಲು ನನ್ನ ಐಡಿ ಕಾರ್ಡು ಕೇಳಿದರು. ಕೊಟ್ಟೆ. ಅದು ಅವರ ಜೇಬಿಗೆ ಹೋಯಿತು. ಬಾಗಿಲಾಚೆ ಗಂಡಸರ ದನಿಗಳು ಏರುತ್ತಿದ್ದವು. ಆ ಬಾರಿ ದ್ವೀಪದ ಎರಡು ಮನೆತನಗಳವರು ಸ್ಪರ್ಧಿಸಿದ್ದರೆಂದು ನನಗೆ ತಿಳಿದದ್ದೇ ಆಗ. ಅವರಲ್ಲೊಬ್ಬರ ಹತ್ತಿರದ ಬಂಧುವಾದ ಉಮ್ಮ್ ಖಲ್ಫಾನ್ ಮತ ಹಾಕುತ್ತಿರುವಾಗಲೇ ಯಂತ್ರ ನಿಂತಿದೆ. ನಿಲ್ಲಿಸಿದ್ದು ಹೊರದೇಶದ ಹೆಂಗಸು. ಅನುಮಾನಕ್ಕೆ ಇಷ್ಟು ಸಾಕಲ್ಲ?

ಬೇರೆ ಲೈನಿನಿಂದ ಕರೆಂಟು ಎಳೆದು ಉಳಿದ ಯಂತ್ರಗಳನ್ನು ನಡೆಸಿದೆವು. ಮತದಾನ ಮುಂದುವರಿಯಿತು. ಉಮ್ಮ್ ಖಲ್ಫಾನ್ ಬಳಸಿದ ಯಂತ್ರಕ್ಕೆ ಮಾತ್ರ ಮೌಜಾ ಸೀಲು ಹಾಕಿಸಿ, ಯಾರಿಗೂ ಮುಟ್ಟಗೊಡಲಿಲ್ಲ.

"ಅವರು ಕೊನೆಯ ಗುಂಡಿ ಒತ್ತಿದ್ದಾರಂತೆ, ಚೀಟಿ ಬಂದಿಲ್ಲ. ಅವರ ಮತ ಒಳಗೆ ಸೇರಿದೆಯೋ ಇಲ್ಲವೋ? ನೀನು ಎಂಜಿನಿಯರ್, ಹೇಳು," ಎಂದು ಕೇಳಿದರು.

ಯಂತ್ರ ಮೊದಲು ಮತವನ್ನು ತನ್ನ ನೆನಪಿಗೆ ಬರೆದುಕೊಂಡು ಆಮೇಲೆ ಚೀಟಿ ಮುದ್ರಿಸುತ್ತದೆ. ಆ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟು ಸಮಯ. ನಾನು ಕರೆಂಟು ತೆಗೆದದ್ದು ಬರೆಯುವ ಮೊದಲೋ, ಬರೆದ ಮೇಲೋ? ಒಳಗೆ ನೋಡದೆ ಹೇಳುವಂತಿರಲಿಲ್ಲ. ಅಬುಧಾಬಿಯಿಂದ ಚುನಾವಣಾ ಸಮಿತಿಯ ಪರಿವೀಕ್ಷಕರು ಬಂದು ಸೀಲು ಒಡೆಯದೆ ಒಳಗೆ ನೋಡುವಂತೆಯೂ ಇರಲಿಲ್ಲ.

ಇಸ್ಮಾಯಿಲ್ ಭಾಯ್ ಬಾಗಿಲ ಮರೆಯಿಂದ ತಮ್ಮ ಫೋನು ಚಾಚಿದರು. ಲೈನಿನಲ್ಲಿ ನಮ್ಮ ಮ್ಯಾನೇಜರ್ ದಿನಕರ್, ಮಂಗಳೂರಿನವರು.

"ರೆಕಾರ್ಡ್ ಆಗಿದೆ ಅಂತ ಹೇಳಿಬಿಡಿ, ಖಲಾಸ್. ಹೆಚ್ಚಾಗಿ ಆಗಿಯೇ ಇರ್ತದೆ."

"ಆಗದಿದ್ರೆ, ಸರ್?"

"ಒಂದು ವೋಟಿಗೆ ಇಡೀ ಕಂಪನಿಯ ಹೆಸರು ಹಾಳು ಮಾಡ್ತೀರಾ? ಪರಿವೀಕ್ಷಕರು ಬಂದ್ರೆ ದೊಡ್ಡ ರಿಪೋರ್ಟ್ ಆಗ್ತದೆ. ನಾಳೆ ನಿಮ್ಮ ವೀಸಾಕ್ಕೆ ಏನಾದ್ರೂ ಆದ್ರೆ ನನ್ನ ಹತ್ರ ಬರ್ಬೇಡಿ."

ಮಗಳು ಹತ್ತನೇ ಕ್ಲಾಸು. ವೀಸಾ ರದ್ದಾದರೆ ನಡುವರ್ಷದಲ್ಲಿ ಅವಳನ್ನು ಯಾವ ಶಾಲೆಗೆ ಸೇರಿಸುವುದು? 'ಆಗಿದೆ' ಎಂಬ ಒಂದೇ ಮಾತು. ಅದನ್ನು ಅಲ್ಲಗಳೆಯುವವರು ಆ ದ್ವೀಪದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೌಜಾ ನನ್ನನ್ನು ಪಕ್ಕಕ್ಕೆ ಕರೆದರು. ಅವರ ದನಿಯಲ್ಲಿದ್ದದ್ದು ಕರುಣೆ. "ಮುದುಕಿ ದಣಿದಿದ್ದಾರೆ. ಇನ್ನೊಂದು ಯಂತ್ರದಲ್ಲಿ ಒತ್ತಿಸಿ ಕಳಿಸಿಬಿಡೋಣವೇ? ನೀನು ಸರಿ ಅಂದರೆ ನಾನು ಒಪ್ಪುತ್ತೇನೆ."

ಒಬ್ಬರು ಹೆದರಿಸಿ ಒಂದು ದಾರಿ ತೋರಿಸಿದ್ದರು, ಇನ್ನೊಬ್ಬರು ಪ್ರೀತಿಯಿಂದ ಇನ್ನೊಂದು ದಾರಿ. ಮೊದಲ ದಾರಿಯಲ್ಲಿ ಮತ ಕಳೆದುಹೋಗಬಹುದು. ಎರಡನೆಯದರಲ್ಲಿ ಒಂದು ಮತ ಎರಡಾಗಿ ಇಡೀ ದ್ವೀಪದ ಲೆಕ್ಕ ತಪ್ಪಬಹುದು. ಎರಡಕ್ಕೂ ಬೇಕಾಗಿದ್ದದ್ದು ನನ್ನ ಬಾಯಿಯ ಮಾತು. ನನ್ನ ಅರಬಿಯ ಮೇಲೆ ನನಗೆ ಧೈರ್ಯವಿರಲಿಲ್ಲ. ಇಸ್ಮಾಯಿಲ್ ಭಾಯ್‌ಗೆ ಹೇಳಿದೆ, "ಭಾಯ್, ನಾನು ಹೇಳಿದ್ದನ್ನು ಸರಿಯಾಗಿ ಅರಬಿಯಲ್ಲಿ ಹೇಳ್ತೀರಾ?"

"ನೀವು ಹೇಳಿದಷ್ಟೇ ಹೇಳ್ತೆ ಮೇಡಂ. ಸೇರ್ಸುದೂ ಇಲ್ಲ, ಬಿಡುದೂ ಇಲ್ಲ."

"ಮತ ಸೇರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸೀಲು ಒಡೆದು ನೋಡುವವರೆಗೆ ಯಾರಿಗೂ ಗೊತ್ತಾಗೋದಿಲ್ಲ. ಅಲ್ಲಿವರೆಗೆ ಅವರು ಮತ್ತೆ ಮತ ಹಾಕಬಾರದು."

ಅವರು ಹಾಗೆಯೇ ಹೇಳಿದರು. ಮೌಜಾ ಕೂಡಲೇ ಅಬುಧಾಬಿಗೆ ಫೋನು ಮಾಡಿದರು. ಪರಿವೀಕ್ಷಕರು ಸಂಜೆಯ ಫೆರ‍್ರಿಯಲ್ಲಿ ಬರುವುದೆಂದಾಯಿತು.

ಆ ಮಧ್ಯಾಹ್ನ ಮುಗಿಯುವಂತೆಯೇ ಕಾಣಲಿಲ್ಲ. ಉಮ್ಮ್ ಖಲ್ಫಾನ್ ಮನೆಗೆ ಹೋಗಲು ಒಪ್ಪದೆ ಮೂಲೆಯಲ್ಲಿ ಕುಳಿತರು. ಅವರ ಕಣ್ಣು ಎದುರಿಸಲಾರದೆ ನಾನು ಸುಮ್ಮನೆ ವಯರು ಸುತ್ತುತ್ತಿದ್ದೆ. ಕೊನೆಗೆ ಅವರೇ ಕೈಸನ್ನೆ ಮಾಡಿ ಕರೆದರು. ಬೈಗುಳ ಕೇಳಲು ಸಿದ್ಧಳಾಗಿ ಹತ್ತಿರ ಹೋಗಿ ಬಗ್ಗಿದೆ. ಅವರು ಮೆಹಂದಿಯ ತೋರುಬೆರಳನ್ನು ಎತ್ತಿ ಹಿಡಿದರು.

"ಮಗಳೇ, ನಾನು ಜೋರಾಗಿ ಒತ್ತಿಬಿಟ್ಟೆನಾ? ಒತ್ತಿದ ಕೂಡಲೇ ಹೊಗೆ ಬಂತು. ನಾನು ಸರಕಾರದ ಯಂತ್ರ ಸುಟ್ಟೆನಾ?"

ಇಷ್ಟು ಹೊತ್ತೂ ನಾನು ಹೆದರಿದ್ದು ಇವರಿಗೆ. ಇವರು ಹೆದರಿದ್ದು ನನಗೆ! "ಇಲ್ಲ ಉಮ್ಮೀ, ಅದು ಬ್ಯಾಟರಿಯ ತಪ್ಪು. ನಿಮ್ಮ ಬೆರಳು ಏನೂ ಮಾಡಿಲ್ಲ," ಎಂದು ನನ್ನ ಮುರುಕು ಅರಬಿಯಲ್ಲೇ ಹೇಳಿದೆ. ಅವರು ನಂಬಲಿಲ್ಲ. ಉಬ್ಬಿದ ಯುಪಿಎಸ್ ತಂದು ತೋರಿಸಿದೆ. ಮುಟ್ಟದೆ, ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಖರ್ಜೂರ ತೆಗೆದು ನನ್ನ ಅಂಗೈಗೆ ಇಟ್ಟರು. ನಾವಿಬ್ಬರೂ ಅಲ್ಲೇ ಕುಳಿತೆವು. ಹೊರಗೆ ಗಾಳಿ ಎದ್ದಿತ್ತು. ಫೆರ‍್ರಿ ನಿಲ್ಲಿಸಬಹುದೆಂದು ಯಾರೋ ಹೇಳಿ ಹೋದರು. ಉಮ್ಮ್ ಖಲ್ಫಾನ್ ನನ್ನ ಮೊಣಕೈ ಹಿಡಿದುಕೊಂಡರು, ನಾನು ಬಿಡಿಸಿಕೊಳ್ಳಲಿಲ್ಲ.

ಫೆರ‍್ರಿ ತಡವಾಗಿ ಬಂತು. ಪರಿವೀಕ್ಷಕರು ಮಾತು ಕಡಿಮೆಯ ಗಂಭೀರ ಹೆಂಗಸು. ಸಮಿತಿಯವರ ಮುಂದೆ ಸೀಲು ಒಡೆದು, ಯಂತ್ರಕ್ಕೆ ಕರೆಂಟು ಕೊಡಲು ನನಗೆ ಹೇಳಿದರು. ಯಂತ್ರ ಎದ್ದೇಳುವವರೆಗೆ ನಾನು ಮನಸ್ಸಿನಲ್ಲೇ ಜಪಮಾಲೆ ಎಣಿಸಿದೆ. ಯಾರಿಗೆ ಮತ ಎಂಬುದನ್ನು ಯಂತ್ರ ತೋರಿಸುವುದಿಲ್ಲ, ಕಾರ್ಡಿನ ಕೆಲಸ ಮುಗಿದಿದೆಯೇ ಎಂದಷ್ಟೇ ತೋರಿಸುತ್ತದೆ.

ಮುಗಿದಿತ್ತು. ಮತ ಸೇರಿತ್ತು, ಚೀಟಿ ಮಾತ್ರ ಬಾಕಿಯಿತ್ತು.

ಮೌಜಾ ಎದೆಯ ಮೇಲೆ ಕೈಯಿಟ್ಟುಕೊಂಡು "ಅಲ್‌ಹಮ್ದುಲಿಲ್ಲಾ" ಎಂದರು. ಮತ್ತೊಮ್ಮೆ ಒತ್ತಿಸಿದ್ದರೆ ಏನಾಗುತ್ತಿತ್ತೆಂದು ಅವರಿಗೂ ಹೊಳೆದಿರಬೇಕು. ನಾವೆಲ್ಲ ಬೆನ್ನು ತಿರುಗಿಸಿ ನಿಂತೆವು. ಯಂತ್ರ ಕಿರ್ರೆಂದು ಚೀಟಿ ಮುದ್ರಿಸಿತು. ಉಮ್ಮ್ ಖಲ್ಫಾನ್ ಅದನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಕೈಯಿಂದಲೇ ಪೆಟ್ಟಿಗೆಗೆ ಹಾಕಿದರು. ಬಾಗಿಲಾಚೆ ಕಾದಿದ್ದ ಗಂಡಸರಿಗೆ ಅವರೇ ಕೂಗಿ ಹೇಳಿದರು, "ಆಯಿತು, ಯಲ್ಲಾ, ಎಲ್ಲರೂ ಮನೆಗೆ ಹೋಗಿ." ಎರಡೂ ಕಡೆಯವರು ಹೋದರು. ಮಹಿಳಾ ಪೊಲೀಸ್ ನನ್ನ ಐಡಿ ಕಾರ್ಡನ್ನು ಎರಡೂ ಕೈಯಿಂದ ಮರಳಿಸಿದರು. ಎಣಿಕೆಯಲ್ಲಿ ಯಂತ್ರವೂ ಪೆಟ್ಟಿಗೆಯೂ ತಾಳೆಯಾದವು.

ಉಮ್ಮ್ ಖಲ್ಫಾನರ ಮತ ಯಾರಿಗಿತ್ತೋ ನನಗೆ ಇವತ್ತಿಗೂ ತಿಳಿಯದು.

ಅಬುಧಾಬಿಗೆ ಮರಳಿದ ಮೇಲೆ ದಿನಕರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ರಿಪೋರ್ಟಿನಲ್ಲಿ ಬ್ಯಾಟರಿಯ ದೋಷವೆಂದು ಬರೆದಿತ್ತು, ನನ್ನ ಮೇಲೆ ಏನೂ ಇರಲಿಲ್ಲ. ಅವರು ನಗುತ್ತಲೇ ಕೇಳಿದರು, "ಕೊನೆಗೆ ನಾನು ಹೇಳಿದ್ದೇ ಸರಿಯಾಯ್ತಲ್ಲ? ರೆಕಾರ್ಡ್ ಆಗಿತ್ತಲ್ಲ?"

"ಆಗಿತ್ತು ಸರ್," ಎಂದೆ. "ಆದ್ರೆ ಅದು ನಿಮಗೆ ಗೊತ್ತಿರ್ಲಿಲ್ಲ."

ಅವರ ನಗು ನಿಂತಿತು. ಆದರೆ ಮುಂದಿನ ಚುನಾವಣೆಗೂ ಅವರು ನನ್ನನ್ನೇ ಕಳಿಸಿದರು.

ಕೆಲಸದಿಂದ ನಿವೃತ್ತಳಾಗಿ ಈಗ ಊರಿಗೆ ಬಂದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ಕೆಲವೊಮ್ಮೆ ನನ್ನಲ್ಲಿ ಬುದ್ಧಿಮಾತು ಕೇಳುತ್ತಾರೆ. ಯಂತ್ರ ಕೆಟ್ಟರೆ ರಿಪೇರಿಗೆ ಪುಸ್ತಕವಿದೆ ಎನ್ನುತ್ತೇನೆ. ಆದರೆ ಮೇಲಿನವರು, ಎದುರಿನವರು, ಮನೆಯ ಚಿಂತೆ ಎಲ್ಲ ಸೇರಿ ಒಂದು ಉತ್ತರಕ್ಕಾಗಿ ಕುತ್ತಿಗೆಯ ಮೇಲೆ ಕೂತಾಗ 'ಗೊತ್ತಿಲ್ಲ' ಎನ್ನುವುದು ಹೇಗೆಂದು ಯಾವ ಪುಸ್ತಕವೂ ಕಲಿಸುವುದಿಲ್ಲ. ಹೆದರಿಕೆ ಹೋದ ಮೇಲೆ ಹೇಳೋಣವೆಂದು ಕಾಯಬೇಡಿ, ಅದು ಹೋಗುವುದಿಲ್ಲ. ಅಂದು ನನಗೂ ಹೋಗಿರಲಿಲ್ಲ. ನಡುಗುತ್ತಲೇ ಹೇಳಿದೆ.