ಮಾವನ ಆಯುಷ್ಯಕ್ಕೆ ತಕ್ಕ ಸಾಲ

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಒಡೆದ ಲಾರಿ ಬಾಡಿಗಳಿಗೆ ಕುರುಗೋಡು ರಸ್ತೆಯ ನನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ ಮಾಡಿ ನನ್ನ ಹುಬ್ಬೇ ಸುಟ್ಟುಹೋಗಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಸತ್ಯನಾರಾಯಣಪೇಟೆಯಲ್ಲಿ ಮನೆ ಕೇಳುವ ಮಟ್ಟಕ್ಕೆ ದುಡಿದಿದ್ದೆ. ಅರ್ಧ ದುಡ್ಡು ಕೈಯಲ್ಲಿತ್ತು. ಉಳಿದದ್ದಕ್ಕೆ ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ಜಾಮೀನು ಬೇಕು. ಜಾಮೀನಿಗೆ ಇದ್ದವರು ರಾರಾವಿಯ ನಮ್ಮ ಮಾವ ಒಬ್ಬರೇ. ಮನೆ ಮಾರುವವರು ಸೋಮವಾರದ ತನಕ ಮಾತ್ರ ಕಾಯುತ್ತೇವೆ ಎಂದಿದ್ದರು. ಆಮೇಲೆ ಅದಿರಿನ ದುಡ್ಡಿನವನು ಯಾವನಾದರೂ ಹೊಡೆದುಕೊಂಡು ಹೋಗುವುದು ಗ್ಯಾರಂಟಿ.

ಶನಿವಾರ ಸಿರುಗುಪ್ಪದ ಬಸ್ಸಿಳಿದವರೇ ಮಾವ ಅಂದರು: "ಎತ್ತು ಹಿಡಿಯಾಕ ಹೋದ್ರೂ ಬಾಯಿ ತೆಗಿಸಿ ಹಲ್ಲು ನೋಡಾಂವ ನಾನು. ನೋಡದ ಸಾಲಕ್ಕ ಸಹಿ ಹಾಕಂಗಿಲ್ರಿ, ಅಳಿಯಂದ್ರ."

"ಸಾಲದ ಹಲ್ಲು ಈಗ ಕಂಪ್ಯೂಟರಿನ್ಯಾಗ ಕಾಣ್ತಾವ್ರಿ ಮಾವಾರ, ಬರ್ರಿ" ಎಂದೆ.

ಸೈಬರ್ ಸೆಂಟರಿನ ಒಂದೇ ಕ್ಯಾಬಿನ್ನಿಗೆ ನಾನು, ನನ್ನ ಹೆಂಡತಿ, ಮಾವ ಮೂವರೂ ತೂರಿದೆವು. ಸೆಂಟರಿನ ಸಾಹೇಬರು ಬಾಗಿಲಲ್ಲಿ ನಿಂತೇ ಕೈ ಚಾಚಿ ಮೂರು ಬ್ಯಾಂಕುಗಳ ಪುಟ ತೆರೆದರು. ಮೊದಲನೆಯದರ ಬಡ್ಡಿ ಎಲ್ಲಕ್ಕಿಂತ ಕಡಿಮೆ. ನಾನು ತೊಡೆ ತಟ್ಟಿದೆ.

ಸಾಹೇಬರು ಕೆಳಗಿನ ಸಣ್ಣಕ್ಷರ ಓದಿದರು: "ಇದು ಮೊದಲ್ನೇ ವರ್ಷಕ್ಕಷ್ಟೇ ರಿ. ಆಮ್ಯಾಲ ಏರತೈತಿ."

"ಹಲ್ಲು ತಿಕ್ಕಿ ಸಂತಿಗೆ ತಂದ ಎತ್ತು" ಎಂದರು ಮಾವ. "ಹೊಡೀರಿ ಅತ್ಲಾಗ."

ಉಳಿದೆರಡರ ಬಡ್ಡಿ ಒಂದೇ. ಅರ್ಜಿಯ ಖರ್ಚು ಕಡಿಮೆ ಇದ್ದದ್ದನ್ನು ಹಿಡಿದೆವು. ಆ ಪುಟದಲ್ಲಿ ಕಂತಿನ ಲೆಕ್ಕ ಹಾಕುವ ಒಂದು ಪಟ್ಟಿ ಇತ್ತು, ವರ್ಷದ ಗುಂಡಿಯನ್ನು ಬಲಕ್ಕೆಳೆದರೆ ತಿಂಗಳ ಕಂತು ಇಳಿಯುತ್ತಿತ್ತು. ಮಾವ ಮೌಸ್ ಕಸಿದುಕೊಂಡು ಮೂವತ್ತರ ತನಕ ಎಳೆದರು. "ನೋಡಿದ್ರೇನು? ಬಾಯಿ ಬಿಡದ ಚೌಕಾಸಿ ಮಾಡಿ ಇಳಿಸೀನಿ!"

"ಅಪ್ಪಾ, ಮ್ಯಾಲಿಂದು ಇಳಿದಂಗ ಕೆಳಗ ಒಟ್ಟು ಬಡ್ಡಿ ಏರಾಕತ್ತೈತಿ" ಎಂದಳು ಹೆಂಡತಿ.

ಮಾವ ಮೌಸನ್ನು ನನ್ನ ಕಡೆ ತಳ್ಳಿದರು. ಆಮೇಲೆ, "ಅಲ್ರಿ ಸಾಹೇಬ್ರ, ಮೂವತ್ತು ವರ್ಷ ಜಾಮೀನು ಹಾಕಿದಾಂವ ಇರಬೇಕೇನು?"

"ಇದ್ರ ಚಲೋ ರಿ."

ನಾನು ಗುಂಡಿಯನ್ನು ಹತ್ತಕ್ಕೆ ಎಳೆದೆ. ಹೆಂಡತಿ ತಿರುಗಿಬಿದ್ದಳು: "ಯಾಕ್ರಿ, ನಮ್ಮಪ್ಪಂದು ಹತ್ತ ವರ್ಷಕ್ಕ ಮುಗಿಸಿಬಿಟ್ರ್ಯಾ?" ಗಾಬರಿಯಾಗಿ ಇಪ್ಪತ್ತೈದಕ್ಕೆ ಒಯ್ದೆ. "ಅಷ್ಟು ಬಡ್ಡಿ ಕಟ್ಟಿದ್ರ ನನಗಿಂತ ಮೊದ್ಲ ನೀವ ಹೋಗ್ತೀರಿ" ಎಂದರು ಮಾವ. ಹನ್ನೆರಡಕ್ಕೆ ತಂದರೆ ಹೆಂಡತಿಯ ಕಣ್ಣಲ್ಲಿ ನೀರು. ಎಡಕ್ಕೆ ಎಳೆದರೆ ಮಾವನ ತಿಥಿ, ಬಲಕ್ಕೆ ಎಳೆದರೆ ನನ್ನ ತಿಥಿ.

ಪಕ್ಕದ ಕ್ಯಾಬಿನ್ನಿನಿಂದ ಒಂದು ತಲೆ ಎದ್ದು, "ಹದಿನೆಂಟು ಹಾಕಿ ಬಿಡ್ರಿ, ಅಜ್ಜಾರು ಗಟ್ಟಿ ಅದಾರ" ಎಂದಿತು.

"ನನ್ನ ಹಣೀಬರ ಬರಿಯಾಕ ನೀ ಯಾವನಲೇ?" ಎಂದು ಮಾವ ಗುಡುಗಿದರು. ತಲೆ ಇಳಿಯಿತು.

ಆಗ ಮಾವ ಹೆಗಲ ಟವೆಲ್ ತೆಗೆದು ತಮ್ಮ ಕೈ, ನನ್ನ ಕೈ ಎರಡರ ಮೇಲೂ ಹೊದಿಸಿದರು. ದನದ ಸಂತೆಯಲ್ಲಿ ರೇಟು ಹೀಗೇ ಮುರಿಯುವುದು: ಟವೆಲ್ಲಿನಡಿ ಬೆರಳು ಹಿಡಿದು, ಸುತ್ತ ನಿಂತವರಿಗೆ ಗೊತ್ತಾಗದಂತೆ. ಮಗಳ ಮುಂದೆ ತಮ್ಮ ವರ್ಷ ಬಾಯಿಬಿಟ್ಟು ಹೇಳುವುದು ಅವರಿಗೂ ಬೇಡವಾಗಿತ್ತು. ಐದೂ ಬೆರಳನ್ನು ಎರಡು ಸಲ ಹಿಡಿದೆ. ಮಾವ ಕೈ ಕೊಡವಿದರು. ಮೂರು ಸಲ ಹಿಡಿದೆ. ಆ ಹದಿನೈದಕ್ಕೆ ತಾವೇ ಒಂದು ಬೆರಳು ಸೇರಿಸಿದರು.

"ಎಷ್ಟಕ್ಕ ಮುಗೀತು?" ಹೆಂಡತಿ ಕೇಳಿದಳು.

"ಮನಿ ನಿಂದಾತು, ಏಳವ್ವ" ಎಂದರು ಮಾವ.

ನಾನು ಹದಿನಾರಕ್ಕೆ ಎಳೆಯಹೋದರೆ ಅವರು ಕೈ ಹಿಡಿದು, ಕಿವಿಯಲ್ಲಿ ಅಂದರು: "ಸಾಲಕ್ಕ ಹದಿನೈದ ಹಾಕ್ರಿ. ಕಡೀದೊಂದು ವರ್ಷ ನಂದು. ಜಾಮೀನಿನ ಚಿಂತಿ ಇಲ್ದ ನಿಮ್ಮ ಮನ್ಯಾಗ ಕುಂತು ಉಣಬೇಕು."

ಸೋಮವಾರ ಬ್ಯಾಂಕಿನಲ್ಲಿ ಸಹಿ ಹಾಕಿದರು, ಎತ್ತಿನ ಹಗ್ಗ ಕೈಗೆ ಬಂದವರ ಹಾಗೆ ಮೀಸೆ ತಿರುವುತ್ತ.