ಬಜಾರಿನಲ್ಲಿ ನನ್ನ ಗುರುತು ಹಿಡಿಯದ ಚಾಚಾ

ಚಾಚಾರ ಕುತ್ತಿಗೆ ತಿರುಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಹಾಗಾಗಿತ್ತಂತೆ. ಪಕ್ಕದವರನ್ನು ನೋಡಬೇಕಾದರೆ ಎದೆ, ಹೆಗಲು, ಹೊಟ್ಟೆ ಸಮೇತ ಇಡೀ ಆಳೇ ತಿರುಗಬೇಕು. ಅಫಜಲಪುರದ ಬಜಾರಿನಲ್ಲಿ ಅವರದೊಂದು ಔಷಧದ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬಿಸಿಲಿಗೆ. ದಾರಿಯಲ್ಲಿ ಎದುರಾದರೆ ಗಿರಾಕಿಗಳನ್ನು ಮಾತಾಡಿಸುತ್ತಿರಲಿಲ್ಲ. ಕುತ್ತಿಗೆ ಹೋಗಿದೆ, ಪಾಪ, ಕಾಣುವುದಿಲ್ಲ ಎಂದು ಜನ ಅಂದುಕೊಂಡಿದ್ದರು. ಕಾಣದೇನು! ಅವರಿಗೆ ಎಲ್ಲ ಕಾಣುತ್ತಿತ್ತು.

ಎಂಬತ್ತರ ದಶಕದ ಆರಂಭ. ನಾನು ಅಲ್ಲಿನ ಕನ್ಯಾ ಶಾಲೆಯಲ್ಲಿ ಟೀಚರು, ಊರವರ ಬಾಯಲ್ಲಿ ‘ಬಾಯಾರು’. ಮಗಳಿಗೆ ಮೂರು ವರ್ಷ. ಆ ಬೇಸಿಗೆಯಲ್ಲಿ ನನಗೆ ಬೆಳಗ್ಗೆ ಏಳುವುದೇ ಬೇಡವಾಯಿತು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದ್ದರೆ ನೋಡುತ್ತ ಕೂತಿರುತ್ತಿದ್ದೆ. ಮಗಳು ಸೆರಗು ಎಳೆದರೆ ಯಾರದೋ ಕೂಸು ಅನಿಸುತ್ತಿತ್ತು. ತವರೂರು ಮಟಕಿಯಿಂದ ನನ್ನ ಅವ್ವ ಬಂದು ಕೇಳಿದಳು: “ಗಂಡ ಹೊಡ್ಯಂಗಿಲ್ಲ, ಅತ್ತಿ ಬೈಯಂಗಿಲ್ಲ, ತಿಂಗಳಾದ್ರ ಪಗಾರ ಬರ್ತದ. ನಿನಗೇನು ಧಾಡಿ ಬೇ?” ಧಾಡಿ ಏನೆಂದು ಗೊತ್ತಿದ್ದರೆ ನಾನೇ ಹೇಳುತ್ತಿರಲಿಲ್ಲವೆ?

ಅತ್ತೆ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತರು. ಗಂಡ ಗುಲಬರ್ಗಾದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ನಮ್ಮೂರಲ್ಲಿ ಅದನ್ನು ತರಿಸಿಕೊಡುವವರು ಚಾಚಾ ಒಬ್ಬರೇ.

ಒಂದು ವಾರಕ್ಕೇ ಬಾಯಿ ಒಣಗಿತು, ಹೊಟ್ಟೆ ಕಟ್ಟಿತು, ಪಾಠ ಮಾಡುವಾಗ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ಮನಸ್ಸು ಮಾತ್ರ ಎಲ್ಲಿತ್ತೋ ಅಲ್ಲೇ. ಸಿಟ್ಟಿನಿಂದ ಹೋಗಿ ಗುಳಿಗೆಗಳನ್ನು ಅವರ ಮುಂದೆ ಇಟ್ಟೆ. “ಇವು ನಿಮ್ಮಲ್ಲೇ ಇರ್ಲಿ ಚಾಚಾ. ಇದ್ದ ರೋಗ ಸಾಲದಂತ ಹೊಸಾ ರೋಗ ಹಚ್ಚಾಕತ್ತಾವ.”

ಅವರು ಮೈ ತಿರುಗಿಸಿ, ಬಾಗಿಲಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. “ಈ ಗುಳಿಗಿ ಮೊದಲ ಕಾಡ್ತದ, ಆಮ್ಯಾಗ ಕಾಯ್ತದ ಬಾಯಾರ. ಮೂರ್ನಾಕ ವಾರ ತಡೀರಿ. ನೀರು ಗುಟುಕ ಗುಟುಕ ಕುಡೀರಿ, ಬಡೇಸೋಪು ಬಾಯಾಗ ಇಟ್ಕೋರಿ, ಪುಂಡಿಪಲ್ಯ ಜಾಸ್ತಿ ಉಣ್ರಿ. ತಡಕೊಳ್ಳಾಕ ಆಗ್ಲಿಲ್ಲಂದ್ರ ದಾಕ್ತರಿಗೆ ಹೇಳ್ರಿ, ಅವರು ಬದಲಿ ಮಾಡ್ತಾರ. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.”

ಅಂಗಡಿಯಲ್ಲಿ ಬೇರೆಯವರಿದ್ದರೆ “ನಿಮ್ಮ ಕ್ಯಾಲ್ಸಿಯಂ ಬಂದದ್ರಿ” ಎಂದು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ನಾಲ್ಕನೆಯ ವಾರ ಒಂದು ಬೆಳಗ್ಗೆ ಚಹಾದ ವಾಸನೆ ಹಿತವೆನಿಸಿತು. ಅಷ್ಟೇ. ಆಮೇಲೆ ಹಸಿವು ಬಂತು, ಒಂದು ದಿನ ಮಗಳ ತಲೆ ಬಾಚುತ್ತ ನಕ್ಕೆ. ಅಡುಗೆಮನೆಯಿಂದ ನೋಡಿದ ಅತ್ತೆ ಅಲ್ಲೇ ನಿಂತು ದೇವಿಗೆ ಕೈ ಮುಗಿದರು.

ಮೂರು ತಿಂಗಳಿಗೆ ಹರಕೆ ತೀರಿಸಲು ಎಲ್ಲರೂ ಘತ್ತರಗಿಗೆ ಹೋದೆವು. ಭೀಮೆಯಲ್ಲಿ ಸ್ನಾನ, ದೇವಿಗೆ ಉಡಿ ತುಂಬಿದ್ದು, ಹೋಳಿಗೆಯ ನೈವೇದ್ಯ, ಎಲ್ಲ ಆಯಿತು. ಆಗ ಅತ್ತೆ ನನ್ನ ಚೀಲದಿಂದ ಗುಳಿಗೆ ತೆಗೆದರು. “ತಾಯಿ ಆರಾಮ ಮಾಡ್ಯಾಳ. ಇನ್ನ ಇವನ್ನ ನುಂಗಿದ್ರ ಆಕಿ ಮ್ಯಾಲ ನಂಬಿಕಿ ಇಲ್ಲಂದಂಗ ಆಗ್ತದ.” ತೆಂಗಿನ ಹೋಳಿನ ಜೊತೆ ಅವನ್ನೂ ಹೊಳೆಗೆ ಬಿಟ್ಟರು. ಅವರನ್ನೇಕೆ ದೂರಲಿ? ಬಿಡುವಾಗ ನಾನೂ ಕೈ ಮುಗಿದೆ. ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು!

ನಾಲ್ಕು ದಿನಕ್ಕೆ ತಲೆಸುತ್ತು, ವಾಕರಿಕೆ. ಅದು ಇಳಿಯಿತು, ತಿಂಗಳೊಪ್ಪತ್ತಿನಲ್ಲಿ ಹಳೆಯ ಬೇನೆ ಮೊದಲಿಗಿಂತ ಜೋರಾಗಿ ಬಂತು. ಒಂದು ಮಧ್ಯಾಹ್ನ ಮನೆಯಲ್ಲಿ ನಾನು, ಮಗಳು ಇಬ್ಬರೇ. ಹಸಿವು ತಡೆಯದೆ ಅವಳು ಡಬ್ಬಿ ಉರುಳಿಸಿ ಹಸಿ ಜೋಳದ ಹಿಟ್ಟು ತಿನ್ನುತ್ತಿದ್ದಳು. ಕಣ್ಣೀರಿಗೆ ಹಿಟ್ಟು ಕೆನ್ನೆಗೆಲ್ಲ ಮೆತ್ತಿತ್ತು. ಎರಡು ಮಾರು ದೂರದಲ್ಲಿ ಕೂತು ನಾನು ನೋಡುತ್ತಿದ್ದೆ. ಏಳಲು ಆಗಲಿಲ್ಲ. ಈ ಕೂಸಿಗೆ ನಾನು ಇಲ್ಲದಿದ್ದರೇ ಚೆಂದ ಎಂದು ಅವತ್ತು ನಿಜವಾಗಿ ಅನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿತ್ತು.

ಅದೇ ವಾರ, ಯಾರ ಮನೆಗೂ ಹೋಗದ ಚಾಚಾ ನಮ್ಮ ಮನೆಗೆ ಬಂದರು. ನಾನು ಅಂಗಡಿಗೆ ಹೋಗದ್ದು ಕಂಡು, ನನ್ನ ಗಂಡನನ್ನು ಕೇಳಿ ಹೊಳೆಯ ಸಂಗತಿ ತಿಳಿದುಕೊಂಡಿದ್ದರು. ಹೊಸ್ತಿಲ ಹೊರಗೇ ನಿಂತು ಅತ್ತೆಗೆ ಹೇಳಿದರು: “ಅವ್ವಾರ, ಆರಾಮ ಆಗ್ಯಾರಂತ ಗುಳಿಗಿ ಬಿಡಿಸಿದ್ರಿ. ಗುಳಿಗಿ ತೊಗೊಳ್ಳಾಕತ್ತಿದ್ರಂತನೇ ಆರಾಮ ಇದ್ರು.”

“ದೇವಿ ಕೈ ಬಿಡಂಗಿಲ್ಲ, ಬಿಡ್ರಿ,” ಎಂದರು ಅತ್ತೆ.

“ಆಕಿ ಎಲ್ಲಿ ಬಿಟ್ಟಾಳ್ರಿ? ನೀವು ಹರಕಿ ಹೊತ್ರಿ, ಆಕಿ ಗುಳಿಗಿ ಕೊಟ್ಟಳು. ಆಕಿ ಕೊಟ್ಟದ್ದನ್ನ ಆಕಿ ಮುಂದನ ನೀರಿಗಿ ಬಿಟ್ಟು ಬಂದ್ರೆಲ್ಲ, ಆಕಿಗೆ ಹೆಂಗ ಅನಿಸಿರಬೇಕು?”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೇವಿಯ ಪರವಾಗಿ ಮುಸಲ್ಮಾನರೊಬ್ಬರಿಂದ ಅನ್ನಿಸಿಕೊಂಡದ್ದು ಅವರ ಜನ್ಮದಲ್ಲಿ ಅದೇ ಮೊದಲು. “ಹಂಗಾದ್ರ ಇವತ್ತೇ ಕೊಡ್ರಿ,” ಎಂದರು.

“ನಾ ದಾಕ್ತರ ಅಲ್ರಿ. ನಾಳಿ ಗುಲಬರ್ಗಾಕ್ಕ ಕರ್ಕೊಂಡ ಹೋಗ್ರಿ, ಚೀಟಿ ತರ್ರಿ. ಅಲ್ಲಿತನ ಬಾಯಾರನ್ನ ಒಬ್ಬರನ್ನ ಬಿಡಬ್ಯಾಡ್ರಿ.”

ಅಂದಿನಿಂದ ಗುಳಿಗೆಗಳ ಜಾಗ ದೇವರ ಜಗಲಿ, ವಿಭೂತಿ ಗಟ್ಟಿಯ ಪಕ್ಕ. ಊಟವಾದ ಮೇಲೆ ಅತ್ತೆ ಪ್ರಸಾದ ಕೊಟ್ಟಂತೆ ಕೈಗೆ ಹಾಕಿ, ನಾನು ನುಂಗುವವರೆಗೂ ಕದಲುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಡಾಕ್ಟರು ನಿಧಾನವಾಗಿ ಬಿಡಿಸಿ ನೋಡಿದರು. ಬೇನೆ ಮರಳಿತು, ಮತ್ತೆ ಶುರು ಮಾಡಿದರು. ನಾನು ಅಳುತ್ತ ಚೀಟಿ ಕೊಟ್ಟಾಗ ಚಾಚಾ, “ನನ್ನ ಕನ್ನಡಕ ನಾ ಹಾಕ್ಕೊಂಡೇನಿ, ನಿಮ್ಮ ಗುಳಿಗಿ ನೀವು ತೊಗೋತೀರಿ. ಅಳೂದೇನದ?” ಎಂದರು.

ಇಂಥವರಿಗೆ ನಾನು ಮಾಡಿದ್ದು ಕೇಳಿ. ನಾದಿನಿಯ ಮದುವೆಯ ಮಾತಿಗೆಂದು ಜೇವರ್ಗಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಪಕ್ಕದಲ್ಲಿ ಗಂಡಿನ ಸೋದರತ್ತೆ. ಒಂದು ಮೊಳ ದೂರದಲ್ಲಿ ಚಾಚಾ ನಿಂತಿದ್ದರು. “ಅವರು ಔಷಧದ ಅಂಗಡ್ಯಾವರಲ್ಲೇನು? ನಿಮಗ ಗೊತ್ತೇನ್ರಿ?” ಎಂದು ಆಕೆ ಕೇಳಿದರು. ಗೊತ್ತು ಎಂದರೆ ಯಾವ ಔಷಧಕ್ಕೆ ಎಂಬ ಪ್ರಶ್ನೆ ಬರುತ್ತಿತ್ತು. ಮನೆಯಲ್ಲಿ ತಲೆ ಕೆಟ್ಟ ಸೊಸೆ ಇದ್ದಾಳೆಂದರೆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. “ಇಲ್ರಿ, ಅವರ ಅಂಗಡಿ ಮೆಟ್ಟಲಾ ಹತ್ತಿಲ್ಲ ನಾ,” ಎಂದೆ. ಇಲ್ಲ ಎಂದಿದ್ದರೆ ಸಾಕಿತ್ತು. ಮೆಟ್ಟಲಿನ ಮಾತು ಯಾಕೆ ಬೇಕಿತ್ತು? ಚಾಚಾ ಜನರ ನಡುವೆ ಕಷ್ಟಪಟ್ಟು ಇಡೀ ಮೈಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

ಮುಂದಿನ ತಿಂಗಳು ಅವರೇ ಹೇಳಿದರು: “ಬಸ್ಸಿನ್ಯಾಗ ಛಲೋ ಮಾಡಿದ್ರಿ ಬಾಯಾರ. ಹುಡುಗಿ ಮದುವಿ ಮೊದಲ.” ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಆಮೇಲೂ ಬರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೆಳಗ್ಗೆ ಅಂಗಡಿ ತೆರೆಯಲಿಲ್ಲ. ಎದೆನೋವು ಬಂದು ಹೋಗಿಬಿಟ್ಟಿದ್ದರು. ಶಾಲೆಗೆ ರಜೆ ಹಾಕಿ ಅವರ ಮನೆಗೆ ಹೋದೆ. ಹೆಂಗಸರು ಕುಳಿತ ಕೋಣೆಯಲ್ಲಿ ಅರ್ಧ ಬಜಾರೇ ಇತ್ತು, ನನ್ನ ವಿದ್ಯಾರ್ಥಿನಿಯರ ತಾಯಂದಿರೂ ಇದ್ದರು. ಚಾಚಾರ ಹೆಂಡತಿ ತಲೆಯೆತ್ತಿ ಕೇಳಿದರು: “ನೀವು ಯಾರ್ರಿ? ಅವರು ಹೆಂಗ ಗೊತ್ತು ನಿಮಗ?”

“ನಾ ಕನ್ಯಾ ಶಾಲಿ ಟೀಚರ್ ರೀ,” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. “ನನಗ ಮನಸ್ಸಿನ ಬ್ಯಾನಿ ಅದ. ಹದಿಮೂರು ವರ್ಷ ಅವರ ಕೈಯಿಂದನ ಗುಳಿಗಿ ತೊಗೊಂಡೇನಿ. ಅವರು ಇರಲಿಲ್ಲಂದ್ರ ನನ್ನ ಮಗಳಿಗೆ ತಾಯಿ ಇರ್ತಿರಲಿಲ್ರಿ.”

ಚಾಚಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. “ನನಗೂ ಒಂದ ದಿನ ಹೇಳಲಿಲ್ಲ ನೋಡ್ರಿ,” ಎಂದು ಅತ್ತರು. ಸ್ವಲ್ಪ ಹೊತ್ತಿಗೆ ಗೋಡೆಯ ಬದಿಯಿಂದ ಹೆಂಗಸೊಬ್ಬಳು ಸರಿದು ಸರಿದು ನನ್ನ ಮಗ್ಗುಲಿಗೆ ಬಂದಳು. ಐದನೆಯ ಇಯತ್ತೆಯ ಹುಡುಗಿಯ ತಾಯಿ. ಶಾಲೆಯಲ್ಲಿ ಎಷ್ಟೋ ಸಲ ಮಾತಾಡಿಸಿದ್ದೆ. ನನ್ನ ಕಿವಿಯಲ್ಲಿ ಕೇಳಿದಳು: “ನಾನೂ ತೊಗೋತೇನ್ರಿ ಬಾಯಾರ. ಇನ್ನ ಎರಡ ಉಳದಾವ. ಇನ್ಮ್ಯಾಗ ಎಲ್ಲಿ ಕೇಳೋದು?”

“ನಾಳಿ ಮುಂಜಾನಿ ಬಸ್ಸಿಗೆ ಗುಲಬರ್ಗಾಕ್ಕ ಹೊಂಟೇನಿ. ಚೀಟಿ ತೊಗೊಂಡು ಬರ್ರಿ, ಕೂಡೇ ಹೋಗೂಣು,” ಎಂದೆ. ಪಿಸುಗುಟ್ಟದೆ, ಎಲ್ಲರಿಗೂ ಕೇಳುವಂತೆಯೇ ಎಂದೆ.