ಮೇಲಿನ ಸಾಲಿನ ಹಲ್ಲು

ಮೊನ್ನೆ ಭಾನುವಾರ ಮಧ್ಯಾಹ್ನ ನನ್ನ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಹೊಸದೊಂದು ಆಟಕ್ಕೆ ನಾಯಕಿಯನ್ನು ಆರಿಸುತ್ತಿದ್ದಳು. ಎಲ್ಲರೂ ಬೇರೆ ಯಾವುದೋ ಗ್ರಹದ ಹೆಣ್ಣುಗಳು. ಒಬ್ಬಳು ನೀಲಿ, ಒಬ್ಬಳು ಹಸಿರು, ಇನ್ನೊಬ್ಬಳಿಗೆ ತಲೆಗೂದಲಿನ ಜಾಗದಲ್ಲಿ ಬಳ್ಳಿಯಂಥದ್ದೇನೋ ಜೋತುಬಿದ್ದಿತ್ತು. ಬಣ್ಣ ಒರೆಸಿದರೆ ಮೂವರೂ ಒಂದೇ ಅಚ್ಚಿನವರು. ಹಿಡಿಯಲ್ಲಿ ಹಿಡಿಯಬಹುದಾದ ಸೊಂಟ, ತಿದ್ದಿದ ಹುಬ್ಬು, ತುದಿಗಾಲಲ್ಲಿ ನಿಂತ ಪಾದ. “ಅಮ್ಮಾ, ಯಾರು ಚೆನ್ನಾಗಿದಾರೆ?” ಎಂದಳು. ನಾನು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, ಬಗ್ಗಿ ನೋಡಿ, “ಬಾಯಿ ತೆರೆಸು, ಹಲ್ಲು ನೋಡೋಣ” ಎಂದುಬಿಟ್ಟೆ.

ಮಗಳು ಪರದೆ ಬಿಟ್ಟು ನನ್ನ ಮುಖ ನೋಡಿದಳು. ನನ್ನ ವಯಸ್ಸಿನ ಹೆಂಗಸರು ಇಂಥ ಪ್ರಶ್ನೆಗೆ ಕೊಡುವ ಉತ್ತರ ಇದಲ್ಲ ಎಂದು ನನಗೂ ಗೊತ್ತು. ಆದರೆ ನೀಲಿ ಬಣ್ಣದ ಹೆಣ್ಣನ್ನು ಕಂಡರೆ ನನಗೆ ಮೊದಲು ನೆನಪಾಗುವುದು ಹಲ್ಲು, ಆಮೇಲೆ ಮೈಲಮ್ಮ, ಆಮೇಲೆ ನನ್ನ ಹೇಡಿತನ. ಮೂರೂ ಒಂದರ ಬಾಲ ಒಂದು ಹಿಡಿದುಕೊಂಡೇ ಬರುತ್ತವೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸೈನ್ಸು ತೆಗೆದುಕೊಂಡು ಎರಡನೇ ಪಿಯುಸಿ ಓದುತ್ತಿದ್ದೆ. ನಮ್ಮಪ್ಪನದು ಬಟ್ಟೆ ಅಂಗಡಿ. ಓದಿನಲ್ಲಿ ನಾನು ಅಷ್ಟಕ್ಕಷ್ಟೇ, ಆದರೆ ಚಿತ್ರ ಬರೆಯುತ್ತಿದ್ದೆ. ಚಿತ್ರ ಎಂದರೆ ನೀವು ನದಿ, ಬೆಟ್ಟ, ಸೂರ್ಯೋದಯ ಎಂದುಕೊಳ್ಳಬೇಡಿ. ನಾನು ಬರೆಯುತ್ತಿದ್ದದ್ದು ಕಪ್ಪೆಯ ಹೊಟ್ಟೆ, ಜಿರಳೆಯ ಬಾಯಿ. ಬಯಾಲಜಿ ರೆಕಾರ್ಡಿನ ಎಡಗಡೆಯ ಖಾಲಿ ಪುಟದಲ್ಲಿ ಚಿತ್ರ, ಬಲಗಡೆಯ ಗೆರೆ ಪುಟದಲ್ಲಿ ವಿವರ ಇರಬೇಕಿತ್ತು. ನನ್ನದೂ ಸೇರಿ ಕ್ಲಾಸಿನ ಹನ್ನೊಂದು ಹುಡುಗಿಯರ ಎಡಗಡೆ ಪುಟಗಳೆಲ್ಲ ನನ್ನ ಕೈಯವೇ. ಅನುಮಾನ ಬರಬಾರದೆಂದು ಒಬ್ಬಳ ಕಪ್ಪೆಯನ್ನು ದಪ್ಪಗೆ ಮಾಡುತ್ತಿದ್ದೆ, ಇನ್ನೊಬ್ಬಳದಕ್ಕೆ ಕಾಲು ಸೊಟ್ಟ ಮಾಡುತ್ತಿದ್ದೆ. ಈ ಜಾಣತನಕ್ಕೆ ನನಗೆ ನನ್ನ ಮೇಲೆಯೇ ಬಹಳ ಗೌರವವಿತ್ತು.

ಆ ಹನ್ನೊಂದರಲ್ಲಿ ಮೈಲಮ್ಮ ಒಬ್ಬಳು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಕುರಿ ಕಾಯುವ ಮನೆತನ. ಅವಳ ಅಪ್ಪ ಬೀರಪ್ಪ ಮಗಳಿಗೆ ಆರೇಳು ವರ್ಷವಾದಾಗಿನಿಂದಲೇ ಸಂತೆಗೆ ಕರೆದುಕೊಂಡು ಹೋಗಿ ಕುರಿಯ ತುಟಿ ಎತ್ತಿ ಹಲ್ಲು ನೋಡುವುದನ್ನು ಕಲಿಸಿದ್ದ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ ನೋಡಿ ಅವಳು ವಯಸ್ಸು ಹೇಳಿದ ಮೇಲೆಯೇ ಅವನು ವ್ಯಾಪಾರಕ್ಕೆ ಕೂರುತ್ತಿದ್ದನಂತೆ. “ನನ್ನ ಮಗಳು ಕೈ ಇಟ್ಳು ಅಂದ್ರ ಮುಗೀತು, ಅದು ಸುಳ್ಳಾಗಂಗಿಲ್ಲ” ಎಂದು ಅಪ್ಪ ಸಂತೆಯಲ್ಲೆಲ್ಲ ಹೇಳುತ್ತಾನೆಂದು ಅವಳು ನಮಗೆ ನೂರು ಸಲ ಹೇಳಿದ್ದಳು. ಅವಳಿಗೆ ದನದ ಡಾಕ್ಟರಾಗಬೇಕಿತ್ತು. ಆದರೆ ಮನೆಯಲ್ಲಿ ಒಂದು ಕರಾರಿತ್ತು. ಒಂದೇ ಒಂದು ಪರೀಕ್ಷೆಯಲ್ಲಿ ಫೇಲಾದರೂ ಓದು ಅಲ್ಲಿಗೆ ನಿಲ್ಲಬೇಕು.

ಗೊಬ್ಬರದ ಅಂಗಡಿಯ ಮಹಡಿ ಮೇಲೆ ಆಗ ಹೊಸದಾಗಿ ಕಂಪ್ಯೂಟರ್ ಸೆಂಟರ್ ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು ದೇವರ ಕೋಣೆಗೆ ಹೋದ ಹಾಗೆ ಹೋಗಬೇಕು. ಸಂಜೆ ನಾಲ್ಕಕ್ಕೆ ಹುಡುಗಿಯರ ಬ್ಯಾಚು. ಕಲಿಸುವಾತ ಚಹಾ ಕುಡಿಯಲು ಇಳಿದು ಹೋದ ಗಳಿಗೆಯಲ್ಲಿ ನಾವು ಅವನ ಆಟ ತೆಗೆಯುತ್ತಿದ್ದೆವು. ಅದರ ಹೆಸರೇನೋ, ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಸ್ಪೇಸ್’ ಎಂದಷ್ಟೇ ಬರೆದಿತ್ತು. ಯಾವುದೋ ಗ್ರಹದ ಗುಹೆ. ಅಲ್ಲಿಯ ಗಂಡುಗಳು ಉಡದ ಮೈ, ಆರು ಕಾಲು, ಬೆನ್ನ ಮೇಲೆ ಚಿಪ್ಪು. ಅವುಗಳನ್ನೆಲ್ಲ ಕೊಂದು ಒಳಗೆ ಹೋದರೆ ರಾಣಿ. ಸುತ್ತ ರಾಶಿ ಮೊಟ್ಟೆ, ನಡುವೆ ನೀಲಿ ಬಣ್ಣ ಬಳಿದು ತುದಿಗಾಲಲ್ಲಿ ನಿಲ್ಲಿಸಿದ, ಸಣ್ಣ ಸೊಂಟದ ಸಿನಿಮಾ ನಾಯಕಿಯಂಥ ಹೆಣ್ಣು.

ಉಳಿದವರೆಲ್ಲ ಕಿಸಕ್ಕನೆ ನಕ್ಕೆವು. ಮೈಲಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಹೋದಳು.

“ಗಂಡಿಗೆ ಆರು ಕಾಲು, ಹೆಣ್ಣಿಗೆ ಎರಡು. ಒಂದ ಜಾತಿ ಹೆಂಗಾಗ್ತಾವಲೇ? ತತ್ತಿ ಇಡೋದಾದ್ರ ಹಾಲು ಯಾರಿಗೆ ಕುಡಸ್ತೈತಿ? ಈ ಟೊಂಕದಾಗ ಈದ್ರ ಈಕಿ ಉಳಿಯಂಗಿಲ್ಲ ಬಿಡು.”

“ಕಾಲು ನೋಡೇ, ಎಷ್ಟು ಚಂದ ಅದಾವ” ಎಂದೆ ನಾನು.

“ಚಂದ ಏನು ಬಂತು? ಗೊರಸು ಬೆಳದೈತಿ. ಹಿಂಗ ಬೆಳದ್ರ ಕುರಿ ಕುಂಟ್ತೈತಿ. ನಮ್ಮಪ್ಪ ಆಗಿದ್ರ ಕೆಡವಿ ಹೆರೀತಿದ್ದ.”

ಮರುದಿನ ಕಾಲೇಜಿನ ಬೇವಿನ ಮರದ ಕೆಳಗೆ ನಾವಿಬ್ಬರೂ ಸರಿಯಾದ ರಾಣಿಯೊಂದನ್ನು ಹುಟ್ಟಿಸಲು ಕೂತೆವು. ಅವಳು ಹೇಳುವುದು, ನಾನು ಬರೆಯುವುದು. ಆ ಗ್ರಹದಲ್ಲಿ ಮೇವು ಕಡಿಮೆ ಇರಬೇಕು, ಅದಕ್ಕೇ ಬಾಲದ ಬುಡದಲ್ಲಿ ಕೊಬ್ಬು. ಧೂಳಿದ್ದೇ ಇರುತ್ತದೆ, ಅದಕ್ಕೆ ದಪ್ಪ ರೆಪ್ಪೆ. ಅಗಲವಾದ ಟೊಂಕ, ನೆಲಕ್ಕೆ ಊರಿದ ಆರು ಕಾಲು, ಎರಡು ತೊಟ್ಟಿನ ಕೆಚ್ಚಲು. ಮೆಲುಕು ಹಾಕುವ ಪ್ರಾಣಿ ಎಂದು ಹೊಟ್ಟೆಯನ್ನು ಸೀಳಿ ತೋರಿಸಿ ಅದರೊಳಗೆ ನಾಲ್ಕು ಕೋಣೆ ಮಾಡಿದೆವು. ಕೈಗೆ ಸಿಕ್ಕಿದ್ದು ಅವಳದೇ ರೆಕಾರ್ಡು, ಕೊನೆಯಲ್ಲೊಂದು ಎಡಗಡೆ ಪುಟ ಖಾಲಿ ಇತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಓಡಿದ ಮೇಲೆ ನಾನೊಬ್ಬಳೇ ಮುಖ ಮುಗಿಸಿದೆ. ಬಾಯಿ ತೆರೆದ ಮುಖ. ಎರಡೂ ಸಾಲಿನಲ್ಲಿ ಒತ್ತಾಗಿ ಹಲ್ಲು ಬರೆದು, ‘ರಾಣಿಯ ಟೊಂಕ’, ‘ರಾಣಿಯ ಕೆಚ್ಚಲು’ ಎಂದು ಭಾಗಗಳ ಹೆಸರುಗಳನ್ನೂ ಬರೆದು, ಅಂದವಾಗಿ ಬಾಣದ ಗುರುತು ಹಾಕಿದೆ.

ಮಾರನೆಯ ದಿನ ಅದನ್ನು ನೋಡಿದ ಮೈಲಮ್ಮ ಮೊದಲು ಹಲ್ಲಿನ ಮೇಲೆ ಬೆರಳಿಟ್ಟಳು. “ಇದು ತಪ್ಪೈತಿ. ಎಲ್ಲಾ ಅಳಿಸಿಬಿಡಲೇ, ಸರ್ ನೋಡಿದ್ರ ಕಷ್ಟ.” ಪುಟ ಹರಿಯುವಂತಿರಲಿಲ್ಲ. ಪ್ರತಿ ಪುಟಕ್ಕೂ ನಂಬರು, ಕಾಲೇಜಿನ ಸೀಲು ಇತ್ತು. ಅಳಿಸಬಹುದಿತ್ತು. ಆದರೆ ಕಂಪ್ಯೂಟರ್ ಬ್ಯಾಚಿನ ಇನ್ನೊಬ್ಬಳಿಗೆ ತೋರಿಸಿ ಶಭಾಷ್‌ಗಿರಿ ತೆಗೆದುಕೊಳ್ಳುವ ಆಸೆ ನನಗೆ. “ಸೋಮವಾರ ಅಳಸ್ತೀನಿ” ಎಂದೆ. ಶನಿವಾರ ಬೆಳಿಗ್ಗೆ ಬಯಾಲಜಿ ಸರ್ ಬಂದವರೇ, ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದು ರೆಕಾರ್ಡುಗಳನ್ನೆಲ್ಲ ಅಲ್ಲೇ ಎತ್ತಿಸಿಕೊಂಡು ಹೋದರು.

ಆ ಭಾನುವಾರ ಅಂಗಡಿಯಲ್ಲಿ ಕೂತು ಒಂದೇ ಬಟ್ಟೆಯ ಥಾನನ್ನು ನಾಲ್ಕು ಸಲ ಮಡಚಿದೆ. ಕೊನೆಯ ಪುಟದವರೆಗೆ ಯಾರು ನೋಡುತ್ತಾರೆ ಎಂದು ಒಮ್ಮೆ ಅನಿಸುತ್ತಿತ್ತು. ಸರ್ ಬಾಣದ ಗುರುತುಗಳನ್ನು ಬಿಡದೆ ಓದುವವರು ಎಂದು ಮರುಗಳಿಗೆಯೇ ನೆನಪಾಗುತ್ತಿತ್ತು. ರೆಕಾರ್ಡಿಗೆ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್‌ಗೆ ಕೂರಿಸುವುದಿಲ್ಲ. ಕೂರದಿದ್ದರೆ ಮೈಲಮ್ಮ ಫೇಲು. ಲೆಕ್ಕ ಅಷ್ಟು ಸರಳವಾಗಿತ್ತು.

ಸೋಮವಾರ ಕ್ಲಾಸಿನಲ್ಲಿ ಸರ್ ಅವಳೊಬ್ಬಳ ಹೆಸರನ್ನೇ ಕರೆದರು. “ನಾಳೆ ನಿಮ್ಮ ತಂದೆಯವರನ್ನ ಕರ್ಕೊಂಡು ಬಾ” ಎಂದಷ್ಟೇ ಹೇಳಿದರು. ಅವಳು ಕೂರುವಾಗ ನನ್ನ ಕಡೆ ನೋಡಿದಳು. ನಾನು ಪುಸ್ತಕ ನೋಡಿದೆ.

ಮಂಗಳವಾರ ಬೀರಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕುರಿ ಹಿಂಡನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದ. ಸ್ಟಾಫ್ ರೂಮಿನಲ್ಲಿ ಅಪ್ಪ ಮಗಳು ಸರ್ ಮುಂದೆ ನಿಂತಿದ್ದಾಗಲೇ ಜವಾನ ಬಂದು, ಸಹಿಯಾದ ರೆಕಾರ್ಡು ಒಯ್ಯಬೇಕೆಂದು ನನ್ನನ್ನು ಕರೆದ. ನಾನು ಹೋಗಿ ಹತ್ತು ರೆಕಾರ್ಡುಗಳನ್ನು ಎದೆಗವಚಿಕೊಂಡು ಗೋಡೆಯ ಪಕ್ಕ ನಿಂತೆ. ಹತ್ತರಲ್ಲೂ ನನ್ನದೇ ಕಪ್ಪೆಗಳು.

“ನೋಡಿ ಇವರೇ, ನಿಮ್ಮ ಮಗಳು ಸರ್ಕಾರಿ ಪರೀಕ್ಷೆಯ ರೆಕಾರ್ಡಿನಲ್ಲಿ ಎಂಥ ಅಸಹ್ಯ ಬರೆದಿದ್ದಾಳೆ” ಎಂದು ಸರ್ ಕೊನೆಯ ಪುಟ ತೆಗೆದು ಅವನ ಮುಂದೆ ಹಿಡಿದರು.

ಬೀರಪ್ಪ ರೆಕಾರ್ಡನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದ. ಓದಲು ಬರದವನು, ಬಾಣದ ಗುರುತುಗಳ ಗೊಡವೆಗೆ ಹೋಗಲಿಲ್ಲ. ಟೊಂಕದ ಮೇಲೆ ಬೆರಳಾಡಿಸಿದ. ಕೆಚ್ಚಲು ನೋಡಿದ. ಕಾಲು ಎಣಿಸಿದ.

“ಇದರಾಗ ಅಸಹ್ಯ ಏನೈತ್ರಿ ಸರ? ಯಾವ ದೇಶದ ತಳಿನೋ, ಚಲೋ ಹಾಲಿನ ಜಾತಿ ಕಂಡಂಗ ಐತಿ.” ಆಮೇಲೆ ಅವನ ಬೆರಳು ಮುಖಕ್ಕೆ ಬಂದು ನಿಂತಿತು. “ಆದ್ರ ಇದು ನನ್ನ ಮಗಳು ಬರದಿದ್ದಲ್ರಿ.”

“ಹೇಗೆ ಹೇಳ್ತೀರಿ?”

“ಮ್ಯಾಲಿನ ಸಾಲಿನಾಗ ಮುಂದಿನ ಹಲ್ಲು ಅದಾವಲ್ರಿ. ಮೆಲುಕು ಹಾಕೋ ಹೊಟ್ಟಿ ಬರದು ಮ್ಯಾಲೆ ಹಲ್ಲು ಯಾರು ಇಡ್ತಾರ? ಕುರಿಗೆ ಮುಂದಿನ ಹಲ್ಲು ಕೆಳಗ ಅಷ್ಟ. ನನ್ನ ಮಗಳು ಕೂಸಿದ್ದಾಗಿಂದ ನೋಡ್ಯಾಳ. ಆಕಿ ಕೈಯಿಂದ ಇದು ಬರಂಗಿಲ್ಲ.”

ಸರ್ ನೆಟ್ಟಗೆ ಕೂತರು. ಅವರ ಕಣ್ಣು ಪುಟದಿಂದ ಮೈಲಮ್ಮನಿಗೆ, ಅವಳಿಂದ ನನ್ನ ಕೈಯಲ್ಲಿದ್ದ ರಾಶಿಗೆ ಹೋಯಿತು. “ಹಾಗಾದರೆ ಇದನ್ನು ಬರೆದವರು ಯಾರು?”

ನಾನು ಬಾಯಿಬಿಡಬೇಕಾಗಿದ್ದದ್ದು ಆಗ. ನನಗೆ ಆಗುತ್ತಿದ್ದದ್ದಾದರೂ ಏನು? ಸರ್ ನಮ್ಮ ಅಂಗಡಿಯಲ್ಲೇ ಬಟ್ಟೆ ಕೊಳ್ಳುವವರು, ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ಕೈಯಲ್ಲಿದ್ದ ರೆಕಾರ್ಡುಗಳ ಅಂಚು ಸರಿಮಾಡುತ್ತ ನಿಂತೆ. ಅಮ್ಮನಿಗೆ ತಿಳಿಯುತ್ತದೆ, ಕಂಪ್ಯೂಟರ್ ಕ್ಲಾಸು ಬಿಡಿಸುತ್ತಾರೆ, ಹನ್ನೊಂದೂ ರೆಕಾರ್ಡು ತಿರಸ್ಕೃತವಾಗುತ್ತವೆ ಎಂದೇ ಯೋಚಿಸುತ್ತಿದ್ದೆ. ಮೈಲಮ್ಮ ನನ್ನ ಕಡೆ ನೋಡುತ್ತಿದ್ದಳು. ಕಾಯುತ್ತಿದ್ದಳು.

“ನಾನ ಬರದೀನ್ರಿ ಸರ್” ಎಂದಳು ಕೊನೆಗೆ. “ಹಲ್ಲು ಮರ್ತಿದ್ದೆ.”

ಬೀರಪ್ಪ ಮಗಳ ಕಡೆ ತಿರುಗಿದ. “ಮರ್ತ್ಯಾ?” ಎಂದ. ಬೈಗುಳವಲ್ಲ, ನಿಜಕ್ಕೂ ಕೇಳಿದ್ದು. ಅವಳು ತಲೆ ತಗ್ಗಿಸಿದಳು. ಅವನು ರೆಕಾರ್ಡನ್ನು ಮೆಲ್ಲಗೆ ಮುಚ್ಚಿ ಮೇಜಿನ ಮೇಲಿಟ್ಟು, “ತಪ್ಪಾತ್ರಿ ಸರ. ಮತ್ತ ಬರಸ್ಕೊಳ್ರಿ, ಪರೀಕ್ಷಿಗೆ ಕುಂದ್ರಸ್ರಿ” ಎಂದು ಕೈಮುಗಿದು ಹೊರಟ. ಮಗಳಿಗಾಗಿ ನಿಲ್ಲಲಿಲ್ಲ.

ಹೊಸ ರೆಕಾರ್ಡನ್ನು ಐದು ದಿನದಲ್ಲಿ ಬರೆದು ಕೊಡಬೇಕೆಂದು ಸರ್ ಹೇಳಿದರು. ಚಿತ್ರ ನಾನು ಬರೆದುಕೊಡುತ್ತೇನೆಂದು ಹಿಂದೆ ಬಿದ್ದೆ. “ಬ್ಯಾಡ. ನಿನ್ನ ಕಪ್ಪಿ ಸಾಕು” ಎಂದಳು. ಎಲ್ಲವನ್ನೂ ತಾನೇ ಬರೆದಳು. ಸಹಿ ಸಿಕ್ಕಿತು, ಅವಳು ಪಾಸೂ ಆದಳು. ಸಹಿಯಾದ ದಿನ ಹಳೆಯ ರೆಕಾರ್ಡನ್ನು ನನ್ನ ಬೆಂಚಿನ ಮೇಲಿಟ್ಟು, “ಸೋಮವಾರ ಅಳಸ್ತೀನಿ ಅಂದಿದ್ದೆಲ್ಲ, ತಗೋ” ಎಂದಳು. ಮತ್ತೆ ನನ್ನ ಪಕ್ಕ ಕೂರಲಿಲ್ಲ.

ಏಳೆಂಟು ವರ್ಷದ ಮೇಲೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ದನದ ಡಾಕ್ಟರಿಕೆಗೆ ಸೀಟು ಸಿಗದೆ ಬಿಎಸ್ಸಿ ಮಾಡಿ, ಕೂಡ್ಲಿಗಿ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದಳು. ಸಂತೆಗೆ ಹೋಗ್ತೀಯಾ ಎಂದು ಕೇಳಿದೆ. “ಅಪ್ಪ ಆವತ್ತಿಂದ ಕರದಿಲ್ಲ. ತಮ್ಮನ್ನ ಕರ್ಕೊಂಡು ಹೋಗ್ತಾನ. ‘ಓದಿದಾಕಿಗೆ ಹಲ್ಲು ಮರ್ತೈತಿ’ ಅಂತಾನ” ಎಂದು ನಕ್ಕಳು. ನಾನೂ ನಕ್ಕೆ. ಆ ನಗು ಸ್ಟಾಫ್ ರೂಮಿನ ಮೌನಕ್ಕಿಂತ ಕೆಟ್ಟದ್ದು ಎಂದು ಬಸ್ಸು ಹತ್ತಿದ ಮೇಲೆ ಅನಿಸಿತು. ಇಳಿದು ಹೋಗಲಿಲ್ಲ.

ಈ ಪುರಾಣವನ್ನೆಲ್ಲ ಮೊನ್ನೆ ಮಗಳಿಗೆ ಹೇಳುವ ಮನಸ್ಸಿರಲಿಲ್ಲ. ಆದರೆ ಹಲ್ಲಿನ ಮಾತು ಆಡಿದ್ದು ನಾನೇ ತಾನೆ? ಟ್ರಂಕಿನ ತಳದಿಂದ ಆ ರೆಕಾರ್ಡು ತೆಗೆದು ಕೊನೆಯ ಪುಟ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. “ಇವಳು ನಿಜವಾಗಿ ಎಲ್ಲೋ ಬದುಕಿರೋ ಹಾಗಿದಾಳೆ” ಎಂದಳು. ಹೊದಿಕೆಯ ಮೇಲಿನ ಹೆಸರು ಓದಿ, “ಇದನ್ನ ಬರೆದವರು ಯಾರಮ್ಮ, ಮೈಲಮ್ಮ ಅನ್ನೋರಾ?” ಎಂದು ಕೇಳಿದಳು.

“ಅಲ್ಲ. ನಾನು” ಎಂದೆ. ಎರಡೇ ಮಾತು. ಅದನ್ನು ಹೇಳಲು ನನಗೆ ಇಪ್ಪತ್ತು ವರ್ಷ ಮೀರಿ ಹಿಡಿದಿತ್ತು.

ಹಳೆಯ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಅವಳ ನಂಬರಿತ್ತು. ಮನಸ್ಸು ಬದಲಾಗುವ ಮೊದಲೇ ಫೋನು ಹಚ್ಚಿದೆ. ಭಾನುವಾರವಾದ್ದರಿಂದ ತವರಿಗೆ ಬಂದಿದ್ದಳು, ಹಿಂದೆ ಕುರಿಮರಿಗಳ ಕೂಗು ಕೇಳುತ್ತಿತ್ತು. “ನಿಮ್ಮಪ್ಪ ಅದಾನೇನೆ? ಫೋನು ಸ್ಪೀಕರಿಗೆ ಹಾಕು” ಎಂದೆ. ಯಾಕೆಂದು ಅವಳು ಕೇಳಲಿಲ್ಲ.

“ಯಾರವ್ವಾ?” ಎಂದಿತು ಮುದಿ ದನಿ.

“ಅಜ್ಜಾ, ನಾನು ಮೈಲಮ್ಮನ ಜೋಡಿ ಓದಿದಾಕಿ. ನೀವು ಕಾಲೇಜಿಗೆ ಬಂದ ದಿನ ಗ್ವಾಡಿ ಬಾಜೂ ನಿಂತಿದ್ದೆ. ಆ ಮ್ಯಾಲಿನ ಸಾಲಿನ ಹಲ್ಲು ನಾನು ಬರದಿದ್ರಿ. ಆಕಿ ನೋಡಿದ ಕೂಡಲೇ ತಪ್ಪೈತಿ ಅಂದಿದ್ಲು. ನನ್ನ ಉಳಸಾಕ ತನ್ನ ಮ್ಯಾಲೆ ಹಾಕ್ಕೊಂಡ್ಲು. ಆಕಿ ಹಲ್ಲು ಮರ್ತಿರಲಿಲ್ರಿ.”

ಮರಿಗಳು ಕೂಗುತ್ತಲೇ ಇದ್ದವು. ಆಮೇಲೆ ಮುದುಕನ ದನಿ ಬಂತು, ನನಗಲ್ಲ.

“ಮೈಲೀ, ಬರೋ ಸಂತಿಗೆ ಸಾಲಿಗೆ ರಜಾ ಹಾಕು. ನನ್ನ ಜೋಡಿ ಬಾ.”

ಅವಳು ಏನೆಂದಳೋ ಕೇಳಿಸಲಿಲ್ಲ. ನಾನು ಮೆಲ್ಲಗೆ ಫೋನು ಕೆಳಗಿಟ್ಟೆ.